ಬೇರಕ್ಕನ ಮೂಗು

"ಅಮ್ಮಾ, ಬೇರಕ್ಕನ ಮೈಯೆಲ್ಲ ಯಾಕೆ ಕುದುರೆ ವಾಸನೆ? ಅವರು ಲಾಯದಲ್ಲಿ ಮಲಗ್ತಾರಾ?"

ಮಗಳು ಕೇಳಿದ್ದು ಮೆಟ್ಟಿಲ ಕೆಳಗಿನ ನಲ್ಲಿಯ ಹತ್ತಿರ, ಬೇರಕ್ಕನ ಎದುರಿಗೇ. ತಾಯಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮಗಳ ತೋಳನ್ನು ಚಿವುಟಿದಳು.

ಬೇರಕ್ಕನಿಗೆ ಸಿಟ್ಟು ಬರಲಿಲ್ಲ. ಕೊಡ ಕೆಳಗಿಟ್ಟು, ಮೊಣಕಾಲೂರಿ ಕೂತು, ಎರಡೂ ಅಂಗೈಗಳನ್ನು ಮಗುವಿನ ಮೂಗಿಗೆ ಹಿಡಿದಳು.

"ಇವತ್ತೂ ಬರ್ತಿದೆಯಾ, ಪುಟ್ಟಿ? ಸರಿಯಾಗಿ ಮೂಸಿ ಹೇಳು."

"ಛೀ! ಜೋರಾಗಿ ಬರ್ತಿದೆ."

"ಸದ್ಯ," ಎಂದಳು ಬೇರಕ್ಕ. ಕೊಡ ಎತ್ತಿಕೊಂಡು ಹೊರಟಳು.

ತಾಯಿ, ಬೇರಕ್ಕ ಇಬ್ಬರದೂ ಒಂದೇ ಔಷಧಿ ಕಾರ್ಖಾನೆಯಲ್ಲಿ ಕೆಲಸ. ಡಬ್ಬಿಗಳಿಗೆ 'ಆಯಾಸ, ಚಿಂತೆ ದೂರ' ಎಂಬ ಚೀಟಿ ಅಂಟಿಸುವುದು ತಾಯಿಯ ಪಾಲಿಗೆ; ಹಿಂದಿನ ಶೆಡ್ಡಿನಲ್ಲಿ ಗೋಣಿಚೀಲ ಬಿಚ್ಚಿ ಅಶ್ವಗಂಧದ ಬೇರು ಆರಿಸುವುದು ಬೇರಕ್ಕನ ಪಾಲಿಗೆ. ಆ ಬೇರಿನ ಹೆಸರಲ್ಲೂ ಕುದುರೆ, ವಾಸನೆಯಲ್ಲೂ ಕುದುರೆ. ಮುಗ್ಗಲು ವಾಸನೆ ಬಂತೆಂದರೆ ಬೂಸ್ಟು ಹಿಡಿದಿದೆ ಎಂದರ್ಥ. ಬೇರಕ್ಕ ಮೂಸಿ "ಹೂಂ" ಎಂದರೆ ಚೀಲ ಗಿರಣಿಗೆ, "ಉಹೂಂ" ಎಂದರೆ ಮೂಲೆಗೆ. ಹಾಸಿಗೆ ಹಿಡಿದ ಅತ್ತೆಯನ್ನು ಸಾಕುತ್ತಿದ್ದದ್ದೂ ಅದೇ ಮೂಗು.

"ಊರವರ ಸುಸ್ತೆಲ್ಲ ಕಳೆಯೋ ಬೇರು ಕಣೇ, ನನ್ನ ಸುಸ್ತು ಮಾತ್ರ ಇದರ ಕಣ್ಣಿಗೆ ಬೀಳಲ್ಲ," ಎಂದು ಆಕಳಿಸುತ್ತಲೇ ಅವಳು ಎಲ್ಲರನ್ನೂ ನಗಿಸುತ್ತಿದ್ದಳು.

ಈಚೆಗೆ ಆ ಮಾತು ನಿಂತಿತ್ತು. ಹಿಂದಿನ ವಾರ ಅವಳು "ಹೂಂ" ಎಂದ ಚೀಲವೊಂದು ಗಿರಣಿಗೆ ಹೋಗಿ, ಪುಡಿಯೆಲ್ಲ ಮುಗ್ಗಲು ನಾರಿ ಮಣ್ಣುಪಾಲಾಗಿತ್ತು. "ಏನ್ ಬೇರಕ್ಕ, ಮೂಗನ್ನ ಮನೇಲಿ ಬಿಟ್ಟು ಬಂದ್ರಾ? ಇನ್ನೊಂದ್ಸಲ ಹೀಗಾದ್ರೆ ನೀವೂ ಅದರ ಜೊತೆ ಮನೇಲೇ ಇರಿ," ಎಂದಿದ್ದ ಮೇಸ್ತ್ರಿ.

ಸಂಜೆ, ಮಗಳ ಮಾತಿಗೆ ತಪ್ಪಾಯಿತೆಂದು ಹೇಳಿಬರಲು ತಾಯಿ ಬೇರಕ್ಕನ ಕೋಣೆಗೆ ಹೋದಳು. ಬಾಗಿಲಲ್ಲೇ ಸೀದ ಹಾಲಿನ ವಾಸನೆ ಮೂಗಿಗೆ ಅಡರಿತು. ಒಲೆಗೆ ಬೆನ್ನು ಹಾಕಿ ಕೂತ ಬೇರಕ್ಕ ನೆಮ್ಮದಿಯಾಗಿ ಅತ್ತೆಯ ತಲೆ ಬಾಚುತ್ತಿದ್ದಳು.

"ಅಕ್ಕಾ, ಹಾಲು!"

ಬೇರಕ್ಕ ತಿರುಗಿದಳು. ತಳ ಕಪ್ಪಾದ ಪಾತ್ರೆಯನ್ನು ನೋಡಿದಳು, ಇವಳ ಮುಖ ನೋಡಿದಳು. ಎದ್ದು ಒಲೆ ಆರಿಸಿದಳು.

"ಗೊತ್ತಾಯ್ತಲ್ಲ ನಿಂಗೆ. ಆ ಹಾಳು ಜ್ವರ ಬಂದು ಹೋದಾಗಿಂದ ಯಾವ ವಾಸನೆಯೂ ಇಲ್ಲ."

"ಮತ್ತೆ ಬೇರು ಹೇಗೆ ಆರಿಸ್ತಿದ್ರಿ?"

"ಮುರಿದು ನೋಡಿ. ಒಳ್ಳೇ ಬೇರು ಪಟ್ ಅನ್ನುತ್ತೆ, ಬೂಸ್ಟು ಹಿಡಿದಿದ್ದು ತೇವಕ್ಕೆ ಬಾಗುತ್ತೆ. ಹೋದ ವಾರದ ಚೀಲ ತಂದವನು ಕೆಟ್ಟದ್ದನ್ನೇ ಮತ್ತೆ ಒಣಗಿಸಿ ತಂದಿದ್ದ. ಅದೂ ಪಟ್ ಅಂತು. ನಂಬಿಬಿಟ್ಟೆ."

"ಮೇಸ್ತ್ರಿಗೆ ಹೇಳಿಬಿಡಿ ಅಕ್ಕ. ನಮ್ಮ ಚೀಟಿ ಕೆಲಸಕ್ಕೆ ಹಾಕ್ಬಹುದು."

ಬೇರಕ್ಕ ನಡುಗುವ ಬೆರಳುಗಳನ್ನು ಮುಂದೆ ಚಾಚಿದಳು. "ಈ ಕೈಯಲ್ಲಿ ಅಂಟಿಸಿದ್ರೆ ಒಂದು ಚೀಟಿಯೂ ನೆಟ್ಟಗೆ ಕೂರಲ್ಲ."

ಅತ್ತೆ ಗೋಡೆಯ ಕಡೆ ಮಗ್ಗುಲಾದಳು. ಬೇರಕ್ಕ ದನಿ ತಗ್ಗಿಸಿದಳು.

"ನಾಳೆ ಹೊಸ ಚೀಲ ಬರುತ್ತೆ. ಮೇಸ್ತ್ರಿ ಎದುರಿಗೇ ನಿಂತು ನೋಡ್ತಾನಂತೆ. ನೀನು ಅಂಟು ತರೋ ನೆಪದಲ್ಲಿ ನನ್ನ ಪಕ್ಕದಲ್ಲಿ ಹಾದು ಹೋಗ್ತೀಯಾ? ಕುದುರೆ ವಾಸನೆ ಬಂದ್ರೆ ಸುಮ್ಮನೆ ಹೋಗು. ಮುಗ್ಗಲು ಬಂದ್ರೆ ಒಂದ್ಸಲ ಕೆಮ್ಮು. ಅಷ್ಟು ಸಾಕು ಕಣೇ."