ಗೂಟದಲ್ಲಿ ಮಲಗಿದ್ದ ಕೊಕ್ಕೆ

ಮದಕರಿಪುರದ ಕುಲುಮೆಯ ಕಾಟಲಿಂಗಪ್ಪ ಶುದ್ಧ ಸೋಮಾರಿ ಎಂದು ತಿಳಿದಿದ್ದವರಲ್ಲಿ ಇದನ್ನು ಬರೆಯುತ್ತಿರುವವನೂ ಒಬ್ಬ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಚಿತ್ರದುರ್ಗದ ಲಾರಿ ಷೆಡ್ಡೊಂದರಲ್ಲಿ ಕೆಲಸ ಕಲಿತು ಬಂದಿದ್ದ ಆತ, ಬಾವಿಗಿಳಿಯುವವರಿಗೆ ಹೊರಲು ಹಗುರವಾಗಲೆಂದು ಗುಜರಿಯ ಅಲ್ಯೂಮಿನಿಯಂ ಮಿಶ್ರಲೋಹದಿಂದ ರಾಟೆ ತೂಗುಹಾಕುವ ಕೊಕ್ಕೆ ಮಾಡಿಕೊಡುತ್ತಿದ್ದ. ಸರಳನ್ನು ಕಾಯಿಸಿ, ನೀರಿಗದ್ದಿ, ಬಗ್ಗಿಸಿ ಗೂಟಕ್ಕೆ ನೇತುಹಾಕಿದನೆಂದರೆ ಒಂದು ವಾರ ಅದನ್ನು ಮುಟ್ಟುತ್ತಿರಲಿಲ್ಲ. ಕೇಳಿದರೆ, "ಮಲಗೈತೆ, ಎಬ್ಬಿಸ್ಬ್ಯಾಡ್ರಿ" ಎನ್ನುವನು. ನೀರಿಗದ್ದಿದಾಗ ಆ ಲೋಹ ಮೆತ್ತಗಿರುತ್ತದೆ, ಸುಮ್ಮನೆ ಬಿಟ್ಟರೆ ದಿನ ಕಳೆದಂತೆ ತಾನೇ ಗಟ್ಟಿಯಾಗುತ್ತದೆ ಎಂದು ಬಿಡಿಸಿ ಹೇಳಿದ್ದರೆ ಆಗುತ್ತಿತ್ತು. ಗುಟ್ಟು ಹೊರಬಿದ್ದರೆ ತನ್ನ ತೂಕ ಇಳಿದೀತೆಂಬ ಬಿಗುಮಾನ ಅವನಿಗೆ.

ಎಪ್ಪತ್ತನಾಲ್ಕರ ಬೇಸಿಗೆಯ ಒಂದು ಬೆಳಗ್ಗೆ, ಹೊಸ ಕೊಕ್ಕೆಯನ್ನು ನೇತುಹಾಕಿ ಅವನು ಇದ್ದಿಲು ತರಲು ಹೋದ. ಅಷ್ಟರಲ್ಲಿ ಪಂಚಾಯ್ತಿ ಚೇರ್ಮನ್ ಗೋವಿಂದಪ್ಪ ಬಂದರು. ಬಾವಿಯ ಹೂಳು ತೆಗೆಯುವುದನ್ನು ನೋಡಲು ತಾಲ್ಲೂಕಿನ ಸಾಹೇಬರು ಅಂದೇ ಬರುವವರಿದ್ದರು, ಆ ಕೆಲಸಕ್ಕೆ ಕೊಕ್ಕೆ ಬೇಕಿತ್ತು. ಚೇರ್ಮನ್ನರ ಹೆಗಲಿಗೆ ಇಸ್ತ್ರಿ ಮಾಡಿದ ಶಲ್ಯ ಆಗಲೇ ಏರಿತ್ತು.

"ನಮ್ಮನೆಯವ್ರು ಬರ್ಲಿ ಇರ್ರಿ, ಅದು ಮಲಗೈತಂತೆ" ಎಂದಳು ಕಾಟಲಿಂಗಪ್ಪನ ಹೆಂಡತಿ ಮುದ್ದಕ್ಕ.

"ಕುಡುಗೋಲು ಕಾಸಿ ನೀರಿಗದ್ದಿದ್ರೆ ಆಗ್ಲೇ ಗಟ್ಟಿ ಆಗಲ್ವೇನಮ್ಮ? ಇದಕ್ಯಾತರ ನಿದ್ದೆ?" ಎನ್ನುತ್ತ ಗೋವಿಂದಪ್ಪ ಕೊಕ್ಕೆ ತೆಗೆದುಕೊಂಡು ನಡೆದೇಬಿಟ್ಟರು.

ಕಾಟಲಿಂಗಪ್ಪ ಮರಳಿದಾಗ ಗೂಟ ಬರಿದಾಗಿತ್ತು. ಇದ್ದಿಲ ಚೀಲ ಬಾಗಿಲಲ್ಲೇ ಬಿತ್ತು. ಮುದ್ದಕ್ಕ ನಡೆದದ್ದನ್ನು ಹೇಳಿದ್ದೇ ತಡ, ಅವನು ಬಾವಿಯತ್ತ ಓಡಿದ.

ಬಾವಿಯ ಅಡ್ಡತೊಲೆಗೆ ಕೊಕ್ಕೆ ಕಟ್ಟಿದ್ದರು. ಕೊಕ್ಕೆಯಲ್ಲಿ ರಾಟೆ, ರಾಟೆಯ ಹಗ್ಗದ ತುದಿಯಲ್ಲಿ ಹೂಳು ತೆಗೆಯುವ ಪಾಲಯ್ಯ, ಪಾಲಯ್ಯನ ಕೆಳಗೆ ಬರೀ ಕತ್ತಲು. ಕೊಕ್ಕೆಯ ಬಾಯಿ ಆಕಳಿಸುವಂತೆ ಮೆಲ್ಲಗೆ ಅಗಲವಾಗುತ್ತಿತ್ತು. ಒಂದಿಷ್ಟೂ ಸದ್ದಿಲ್ಲ.

"ಹಗ್ಗ ಹಂಗೇ ಹಿಡ್ಕಳ್ರಿ, ಎಳೀಬ್ಯಾಡ್ರಿ! ಲೇ ಪಾಲಯ್ಯ, ಅಲ್ಲಾಡಬ್ಯಾಡ!" ಎಂದು ಕಾಟಲಿಂಗಪ್ಪ ಕೂಗಿದ.

"ಯಾಕ್ಲೇ, ಏನಾತು?" ಎಂದಿತು ಕೆಳಗಿನ ದನಿ.

ಕಾಟಲಿಂಗಪ್ಪ ತೊಲೆಯ ಮೇಲೆ ಬೋರಲಾಗಿ ತೆವಳಿ, ಇನ್ನೊಂದು ಹಗ್ಗದಿಂದ ರಾಟೆಯನ್ನು ತೊಲೆಗೇ ಬಿಗಿದ. ಗಂಟು ಬೀಳುತ್ತಿದ್ದಂತೆ ರಾಟೆ ಕೊಕ್ಕೆಯಿಂದ ಜಾರಿ, ಹೊಸ ಹಗ್ಗದಲ್ಲಿ ಜೋಲಿ ಹೊಡೆದು ನಿಂತಿತು. ಪಾಲಯ್ಯನನ್ನು ಮೇಲೆಳೆದರು. ಅವನು ನೆಲವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತ.

"ವಾರ ನೇತುಹಾಕಿದ್ರೆ ತಾನೇ ಗಟ್ಟಿ ಆಗ್ತಿತ್ತು. ಮೊದ್ಲೇ ಹೇಳ್ಬೇಕಿತ್ತು ನಾನು" ಎಂದ ಕಾಟಲಿಂಗಪ್ಪ.

ಗೋವಿಂದಪ್ಪ ಶಲ್ಯದಲ್ಲಿ ಬೆವರೊರೆಸಿಕೊಂಡು, ಗತ್ತು ಬಿಡದೆ ಕೇಳಿದರು: "ಹಂಗಾದ್ರೆ ಒಂದ್ ವಾರ ನೇತಾಡಿದ್ರೆ ನಾನೂ ಗಟ್ಟಿ ಆಗ್ತೀನೇನಪ್ಪ?"

ನೆಟ್ಟಗಾಗಿದ್ದ ಕೊಕ್ಕೆಯನ್ನು ಬಿಚ್ಚುತ್ತ ಕಾಟಲಿಂಗಪ್ಪ ಹೇಳಿದ: "ಆಗ್ತೀರಿ ಚೇರ್ಮನ್ನರೇ. ಮೊದ್ಲು ಕುಲುಮೆಗೆ ಹಾಕ್ಬೇಕಾಗ್ತೈತೆ."