ಹಾಯ್ರಿಯೆ ಅತ್ತ ಕೊನೆಯ ಅಧ್ಯಾಯ

ಬೆಳಗಿನ ಐದು ಗಂಟೆ. ಲುಶ್ನ್ಯ ಪಟ್ಟಣದ ಬಸ್ ನಿಲ್ದಾಣದ ಪಕ್ಕದ ಪುಟ್ಟ ಕಿಟಕಿಯಂಗಡಿಯಲ್ಲಿ ಓಲಿಂಬಿ ದುಶ್ಕು ಹಿಟ್ಟು ಲಟ್ಟಿಸುತ್ತಿದ್ದಾರೆ. ಆಚೆ ಬದಿ ಕಾಣುವಷ್ಟು ತೆಳ್ಳನೆಯ ಪದರ, ಅದರ ಮೇಲೆ ಪಾಲಕ್ ಸೊಪ್ಪು, ಬಿಳಿ ಚೀಸು, ಮತ್ತೆ ಪದರ, ಬೆಂದರೆ ಬ್ಯುರೆಕ್. ಕೈ ಆಡುತ್ತಿರುವಾಗ ತುಟಿಯೂ ಆಡುತ್ತಿರುತ್ತದೆ. ಹೊಸಬರು ಪ್ರಾರ್ಥನೆ ಅಂದುಕೊಳ್ಳುತ್ತಾರೆ. ಟೊಮೆಟೊ ತೋಟಗಳಿಗೆ ಕೂಲಿಗೆ ಹೊರಟವರಿಗೆ ಗೊತ್ತು, ಅದು ಕವಿತೆ.

ಬಾಯಿಗೆ ಸ್ವಲ್ಪ ರಜೆ ಕೊಟ್ಟು ಕೈ ಓಡಿಸಿ, ಬಸ್ಸು ಬಿಡುತ್ತದೆ ಎಂದು ಒಬ್ಬ ಕಾಲೆಳೆಯುತ್ತಾನೆ. "ಬಾಯಿ ನಿಂತ್ರೆ ಕೈನೂ ನಿಲ್ಲುತ್ತೆ ಮಗನೇ. ಎರಡಕ್ಕೂ ಒಂದೇ ಮೋಟರು," ಎಂದು ಅವರು ಬಿಸಿ ಬ್ಯುರೆಕ್ ತುಂಡನ್ನು ಅವನ ಕೈಗಿಡುತ್ತಾರೆ.

ದಿನಕ್ಕೆ ಎಂಟು ಟ್ರೇ ಬ್ಯುರೆಕ್. ಮಧ್ಯಾಹ್ನದ ಹೊತ್ತಿಗೆ ಕಿಟಕಿ ಮುಚ್ಚಿದ ಮೇಲೆ ಅಲ್ಲೇ ಹಿಟ್ಟಿನ ಮೇಜು ಒರೆಸಿಕೊಂಡು ಬರೆಯಲು ಕೂರುತ್ತಾರೆ. ಹೀಗೇ ಎರಡು ಕವನ ಸಂಕಲನಗಳು ಬಂದಿವೆ. ರಾಜಧಾನಿ ತಿರಾನದ ಸಾಹಿತ್ಯ ಸಭೆಗಳಿಗೆ ಇವರ ಹೆಸರು ಗೊತ್ತಿಲ್ಲ. ಗೊತ್ತಿದ್ದರೂ ಬ್ಯುರೆಕ್ ಮಾರುವವರನ್ನು ವೇದಿಕೆಗೆ ಕರೆಯುವ ಅಭ್ಯಾಸ ಅಲ್ಲಿಲ್ಲ. ಅವರ ಗೆಳತಿಯಾದ ನನಗೆ ಇದರಿಂದ ಸಿಟ್ಟು ಬರುತ್ತದೆ, ಓಲಿಂಬಿಗೆ ನಗು ಬರುತ್ತದೆ. ಅವರ ಚಿಂತೆಯೇ ಬೇರೆ. ಕೊನೆಯ ಅಧ್ಯಾಯವಿಲ್ಲದೆ ಒಂದು ಕಾದಂಬರಿ ಅವರ ಮನೆಯಲ್ಲಿ ಮೂವತ್ತು ವರ್ಷಗಳಿಂದ ಕೂತಿತ್ತು.

ಆ ಕಾದಂಬರಿ ಹುಟ್ಟಿದ್ದು ಕಾಗದದ ಮೇಲಲ್ಲ. ಓಲಿಂಬಿಗೆ ಇಪ್ಪತ್ತಮೂರು ತುಂಬುವ ಹೊತ್ತಿಗೆ ಅವರ ಚಿಕ್ಕಪ್ಪ ಗಡಿ ದಾಟಲು ಹೋಗಿ ಸಿಕ್ಕಿಬಿದ್ದರು. ಮನೆಮಂದಿಯ 'ಜೀವನಚರಿತ್ರೆ ಕೆಟ್ಟಿತು'. ಕಮ್ಯುನಿಸ್ಟ್ ಸರ್ಕಾರದ ಕಡತದಲ್ಲಿ ಹೆಸರು ಕೆಟ್ಟರೆ ಆಗ ಜನ ಹಾಗೇ ಹೇಳುತ್ತಿದ್ದರು. ಇಡೀ ಕುಟುಂಬವನ್ನು ಇದೇ ಬಯಲಿನ ತಂಬಾಕು ಫಾರ್ಮಿಗೆ ತಂದು ಹಾಕಿದರು. ಅಲ್ಲಿ ಪೆನ್ನು ಹಿಡಿದವರಿಗೆ ಉಳಿಗಾಲವಿರಲಿಲ್ಲ. ಆದರೆ ಹೆಂಗಸರು ಸಾಲಾಗಿ ಕೂತು ಉದ್ದನೆಯ ಸೂಜಿಯಲ್ಲಿ ತಂಬಾಕಿನ ಎಲೆ ಪೋಣಿಸುವಾಗ ಬಾಯಿ ಖಾಲಿಯೇ ಇರುತ್ತಿತ್ತು. ಓಲಿಂಬಿ ಕಥೆ ಹೇಳತೊಡಗಿದರು. ನದಿಯ ದೋಣಿಗಾರ ಮಾಲೋ ಎಂಬವನ ಕಥೆ. ದಿನಕ್ಕೊಂದು ಅಧ್ಯಾಯ, ಒಬ್ಬೊಬ್ಬ ಹೆಂಗಸಿಗೆ ಒಂದೊಂದು. ಕೇಳಿದವಳು ಅದನ್ನು ಬಾಯಿಪಾಠ ಮಾಡಿಕೊಂಡು ಬೆಸಾ ಕೊಡಬೇಕು. ಓಲಿಂಬಿಯೇ ಬಂದು ಕೇಳುವವರೆಗೆ ಯಾರಿಗೂ, ಗಂಡನಿಗೂ, ಹೇಳುವುದಿಲ್ಲ ಎಂಬ ಮಾತು. ಬೆಸಾ ಕೊಟ್ಟ ಮೇಲೆ ನಮ್ಮಲ್ಲಿ ತಲೆ ಹೋದರೂ ಮಾತು ಹೋಗಬಾರದು.

ಆಳ್ವಿಕೆ ಬದಲಾದ ಮೇಲೆ ಓಲಿಂಬಿ ಮನೆ ಮನೆ ಅಲೆದರು. ಎಲ್ಲರೂ ತಮ್ಮ ತಮ್ಮ ಅಧ್ಯಾಯವನ್ನು ಜೋಪಾನವಾಗಿ ಒಪ್ಪಿಸಿದರು. ಕೊನೆಯದನ್ನು ಇಟ್ಟುಕೊಂಡಿದ್ದ ಹಾಯ್ರಿಯೆ ಮಾತ್ರ ಸಿಗಲಿಲ್ಲ. ಯಾವುದೋ ಗುಡ್ಡದೂರಿಗೆ ಮದುವೆಯಾಗಿ ಹೋಗಿದ್ದಳು, ಮನೆಹೆಸರು ಬದಲಾಗಿತ್ತು.

ನೀವೇ ಕಟ್ಟಿದ ಕಥೆ, ಮತ್ತೆ ಬರೆಯಬಹುದಿತ್ತಲ್ಲ ಎಂದು ಕೇಳಿದೆ. "ಆವತ್ತು ನನಗೆ ಜ್ವರ. ಬಾಯಿಗೆ ಬಂದದ್ದು ಹೇಳ್ದೆ. ಮಾಲೋ ಸಾಯ್ತಾನೆ ಅನ್ನೋದು ಬಿಟ್ರೆ ಒಂದೂ ನೆನಪಿಲ್ಲ. ಆಮೇಲೆ ಎಷ್ಟು ಸಲ ಬರ್ದು ಹರ್ದು ಹಾಕಿದ್ದೀನಿ. ಸುಳ್ಳು ಸುಳ್ಳು ಅನ್ಸುತ್ತೆ."

ಹೋದ ವಸಂತದಲ್ಲಿ ಸ್ಕ್ರಾಪಾರ್ ಗುಡ್ಡಗಳ ಕಡೆಯ ವ್ಯಾನು ಚಾಲಕನೊಬ್ಬ ಬ್ಯುರೆಕ್ ತಿನ್ನುತ್ತಾ ಸುದ್ದಿ ಹೇಳಿದ. ಅವನ ಊರಿನಲ್ಲಿ ಒಬ್ಬ ಮುದುಕಿ ತೀರಿಕೊಂಡಿದ್ದಾಳೆ, ಪ್ರಾಯದಲ್ಲಿ ಇಲ್ಲಿನ ತಂಬಾಕು ಫಾರ್ಮಿನಲ್ಲಿದ್ದಳಂತೆ, ಹೆಸರು ಹಾಯ್ರಿಯೆ. ಓಲಿಂಬಿ ಅಲ್ಲೇ ಒಲೆ ಆರಿಸಿದರು. ಅಂಗಡಿ ಶುರುವಾದಂದಿನಿಂದ ಅಂಥ ದಿನ ಬಂದಿರಲಿಲ್ಲ. ಅದೇ ವ್ಯಾನಿನಲ್ಲಿ ನಾನೂ ಜೊತೆಗೆ ಹೋದೆ. ಗೆಳತಿಯೂ ಹೋದಳು, ಅಧ್ಯಾಯವೂ ಹೋಯಿತು.

ಸಾವಿನ ಮನೆಯಲ್ಲಿ ಹೆಂಗಸರ ಕೋಣೆ ಬೇರೆ, ಗಂಡಸರದು ಬೇರೆ. ಹಾಯ್ರಿಯೆಯ ಸೊಸೆ ಸೂತಕದಲ್ಲಿ ಕೊಡುವ ಸಕ್ಕರೆಯಿಲ್ಲದ ಕಹಿ ಕಾಫಿ ತಂದುಕೊಟ್ಟಳು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಮುದುಕ ಬಂದು ನಿಂತ. ಹಾಯ್ರಿಯೆಯ ಗಂಡ ದಾಲಿಪ್. ಗಂಡಸು ಆ ಕೋಣೆಗೆ ಬರುವ ಪದ್ಧತಿಯೇ ಇಲ್ಲ, ಹೆಂಗಸರೆಲ್ಲ ತಲೆವಸ್ತ್ರ ಸರಿಮಾಡಿಕೊಂಡರು. ಆತ ನೇರ ಓಲಿಂಬಿಯ ಮುಂದೆ ಬಂದ.

"ನೀವು ಆ ಫಾರ್ಮಿನವರಂತೆ. ಒಂದೇ ಒಂದು ಮಾತು ಹೇಳಿ. ಮಾಲೋ ಯಾರು?"

ಓಲಿಂಬಿ ಬಟ್ಟಲು ಕೆಳಗಿಟ್ಟು, ಯಾಕೆ ಎಂದು ಕೇಳಿದರು.

ಮುದುಕ ಹೇಳಿದ್ದು ಇಷ್ಟು. ಮದುವೆಯಾದ ವರ್ಷದಿಂದ ಪ್ರತಿ ಶರತ್ಕಾಲ, ತಂಬಾಕು ಪೋಣಿಸುವ ಕಾಲ ಬಂತೆಂದರೆ, ಹಾಯ್ರಿಯೆ ಒಂದು ಕಹಿ ಕಾಫಿ ಮಾಡಿಕೊಂಡು ಹುಲ್ಲಿನ ಕೊಟ್ಟಿಗೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಳಗೆ ಮಾಲೋ ಎಂಬವನಿಗಾಗಿ ಶೋಕಗೀತೆ ಹಾಡಿಕೊಂಡು ಅಳುತ್ತಿದ್ದಳು. ಯಾರವನು ಎಂದರೆ ಬೆಸಾ ಕೊಟ್ಟಿದ್ದೇನೆ ಎನ್ನುವುದೊಂದೇ ಉತ್ತರ. ಊರವರು ಹಳೆಯ ಪ್ರೇಮಿ ಎಂದು ಆಡಿಕೊಂಡರು. ದಾಲಿಪ್ ಬಾಯಿ ಬಿಡಲಿಲ್ಲ. ಪ್ರತಿ ವರ್ಷ ಕೊಟ್ಟಿಗೆಯ ಗೋಡೆಗೆ ಕಿವಿಗೊಟ್ಟು ನಿಂತ, ಅಷ್ಟೇ.

"ಅವನು ಹುಟ್ಟೇ ಇಲ್ಲ ಭಾವ," ಅಂದರು ಓಲಿಂಬಿ. "ನಾನು ಕಟ್ಟಿದ ಕಥೆಯಲ್ಲಿರೋನು."

ದಾಲಿಪ್ ಮೆಲ್ಲಗೆ ನೆಲದ ಮೇಲೆ ಕೂತ. "ಹುಟ್ಟದೇ ಇರೋನ ಮೇಲೆ ಇಷ್ಟು ವರ್ಷ ಹೊಟ್ಟೆ ಉರ್ಕೊಂಡ್ನಾ ನಾನು?" ಎಂದ. ಆಮೇಲೆ ನಕ್ಕ. ನಗುತ್ತಲೇ ಅತ್ತ. ಕೋಣೆಯಲ್ಲಿದ್ದವರೆಲ್ಲ ಅತ್ತರು, ನಾನೂ ಅತ್ತೆ.

ಓಲಿಂಬಿ ಕಣ್ಣೊರೆಸಿಕೊಂಡು ಕೇಳಿದರು: ಅವಳು ಹಾಡುತ್ತಿದ್ದದ್ದು ಏನಾದರೂ ನೆನಪಿದೆಯೇ? ಹೊಟ್ಟೆ ಉರಿದುಕೊಂಡು ಕೇಳಿದ್ದು ಮರೆಯುತ್ತದೆಯೇ ಎಂದ ದಾಲಿಪ್. ನಮ್ಮಲ್ಲಿ ಗಂಡಸರು ಶೋಕಗೀತೆ ಹಾಡುವುದಿಲ್ಲ. ಆತ ಗೋಡೆಗೆ ಮುಖ ಮಾಡಿ ಕೂತು, ಮೊದಲಿಂದ ಕೊನೆಯವರೆಗೆ ಒಪ್ಪಿಸಿದ. ನೆರೆಬಂದ ನದಿ, ಮಗುವೊಂದನ್ನು ದಡ ಸೇರಿಸಿ ತಾನು ಸೇರದ ಮಾಲೋ, ಮರಳಿನ ಮೇಲೆ ಉಳಿದ ದೋಣಿಯ ಹುಟ್ಟು, ಎಲ್ಲವೂ ಅದರಲ್ಲಿತ್ತು. 'ಅವನಿಗೆ ಅಳಲು ಯಾರೂ ಇರಲಿಲ್ಲ' ಎಂಬಲ್ಲಿಗೆ ಬಂದಾಗ ಓಲಿಂಬಿ ತಲೆಯಾಡಿಸಿದರು. ಅದು ತಮ್ಮ ಕಾದಂಬರಿಯ ಕೊನೆಯ ವಾಕ್ಯವೆಂದು ಅವರಿಗೆ ನೆನಪಾಗಿತ್ತು. ಹಾಡು ಮಾತ್ರ ಅಲ್ಲಿಗೆ ನಿಲ್ಲಲಿಲ್ಲ.

ಅಳುವವರಿಲ್ಲ ಅಂದರು ಮಾಲೋ,
ನಾನಿಲ್ಲವೇನೋ, ಕಾಫಿ ಆರುತಿದೆ,
ನಿನ್ನ ಪಾಲಿನ ಕಣ್ಣೀರು ನನ್ನ ಬಳಿ ಇದೆ.

"ಇದು ನಾನು ಹೇಳಿದ್ದಲ್ಲ," ಅಂದರು ಓಲಿಂಬಿ. ಸತ್ತವನಿಗೆ ಯಾರೂ ಅಳಲಿಲ್ಲ ಎಂದು ಕಥೆ ಮುಗಿಸಿದರೆ ಹಾಯ್ರಿಯೆಗೆ ತಡೆದುಕೊಳ್ಳಲು ಆಗಿಲ್ಲ. ಕಥೆಯೆಂದು ಗೊತ್ತಿದ್ದೂ ತಾನೇ ಅತ್ತಿದ್ದಾಳೆ. ಆ ಹಾಡು ಈಗ ಇದ್ದ ಹಾಗೇ ಕಾದಂಬರಿಯ ಕೊನೆಯ ಅಧ್ಯಾಯವಾಗಿದೆ.

ಪುಸ್ತಕ ಶರತ್ಕಾಲದ ಹೊತ್ತಿಗೆ ಅಚ್ಚಾಗುತ್ತದೆ. ಮುಖಪುಟದಲ್ಲಿ ಎರಡು ಹೆಸರುಗಳಿರಬೇಕೆಂಬುದು ಓಲಿಂಬಿಯ ಹಟ, ಅವರದು, ಕೆಳಗೆ ಹಾಯ್ರಿಯೆಯದು. ಪ್ರಕಾಶಕರು ಮೊದಲು ಗೊಣಗಿದರು, ಆಮೇಲೆ ಒಪ್ಪಿದರು. ನಲವತ್ತು ವರ್ಷ ಬರೆದು ಕೊನೆಗೆ ಪುಸ್ತಕ ಹಂಚಿಕೊಳ್ಳಬೇಕಾಯಿತಲ್ಲ ಎಂದು ಕೆಣಕಿದೆ. "ಒಳ್ಳೇ ಅಧ್ಯಾಯ ನಂದಲ್ಲ, ನಿಜ," ಎಂದು ಓಲಿಂಬಿ ಟ್ರೇ ಒಲೆಯೊಳಗೆ ತಳ್ಳುತ್ತಾರೆ. "ಅವಳನ್ನ ಹಂಗೆ ಅಳಿಸಿದ ಕಥೆ ನಂದು ತಾನೆ?"

ದಾಲಿಪ್‌ನದೂ ಒಂದು ಬೇಡಿಕೆಯಿದೆ. ವಾರಕ್ಕೊಮ್ಮೆ ವ್ಯಾನು ಹತ್ತಿ ಬಂದು, ಕಿಟಕಿಯ ಮುಂದೆ ನಿಂತು ಬ್ಯುರೆಕ್ ತಿಂದು ಅದನ್ನು ನೆನಪಿಸಿ ಹೋಗುತ್ತಾನೆ: ಮಾಲೋ ಅನ್ನುವವನು ಇರಲೇ ಇಲ್ಲವೆಂದು ಪುಸ್ತಕದಲ್ಲಿ ಬರೆಯಬೇಕು, ಊರವರು ಓದಬೇಕು.

"ಪಾತ್ರಗಳೆಲ್ಲ ಕಾಲ್ಪನಿಕ ಅಂತ ಎಲ್ಲ ಕಾದಂಬರೀಲೂ ಒಂದು ಸಾಲು ಇರುತ್ತೆ, ಯಾರೂ ಓದಲ್ಲ," ಎನ್ನುತ್ತಾರೆ ಓಲಿಂಬಿ, ಕೈಯ ಹಿಟ್ಟು ಕೊಡವಿಕೊಳ್ಳುತ್ತಾ. "ನನ್ನ ಪುಸ್ತಕದಲ್ಲಿ ಅದನ್ನ ದಪ್ಪ ಅಕ್ಷರದಲ್ಲಿ ಹಾಕ್ಸಿದ್ದೀನಿ. ಭಾವನಿಗೆ ಕನ್ನಡಕ ಇಲ್ದೇನೂ ಕಾಣ್ಬೇಕು."