ರಜಾಕಾರರನ್ನ ಕಂಡವನ ಆಧಾರ್ ಕಾರ್ಡು

ಆಳಂದ ತಾಲೂಕಿನ್ಯಾಗ ನನ್ನಷ್ಟು ನೋಡಿದಾಂವ ಯಾರೂ ಇಲ್ರಿ. ಆಧಾರ್ ಕಾರ್ಡ್ ಬರ್ಕೊಳ್ಳಾಕ ಬಂದವರಿಗೂ ಹೇಳಿದ್ದೆ, "ನಲವತ್ತೆಂಟರಾಗ ನಿಜಾಮನ ರಜಾಕಾರರ ಹಾವಳಿ ಕಣ್ಣಾರೆ ಕಂಡೇನಿ." ನಾ ಸಾಲಿ ಮೆಟ್ಟಲ ಹತ್ತಿದವನಲ್ಲ, ಹುಟ್ಟಿದ್ದಕ್ಕ ದಾಖಲೆ ಇಲ್ಲ. ಅವರು ನನ್ನ ಮಾತು ನಂಬಿ ವಯಸ್ಸು ಹದಿನೆಂಟು ವರ್ಷ ಹೆಚ್ಚಿಗಿ ಬರದ್ರು. ನಾ ಮೀಸಿ ತಿರುವಿದೆ.

ನನ್ನ ಹೆಂಡ್ತಿ ಕಣ್ಣು ಮಂಜಾಗಾಕತ್ತಾವ. ಇನ್ನೊಂದು ವರ್ಷಕ್ಕ ಪೂರಾ ಹೋಗ್ತಾವಂತ ಡಾಕ್ಟರ್ ಅಂದಾರ. ಅದಕ್ಕ ಫಟಫಟಿ ಮ್ಯಾಲೆ ಕೂಡಿಸ್ಕೊಂಡು ಜೇವರ್ಗಿ ಕಡಿ ಆಟದ ಪಾರ್ಕಿಗೆ ಹೋದೆ. ತಿರುಗೋ ದೊಡ್ಡ ತೊಟ್ಟಿಲು ಏರಿದ್ರ ಆಕಿ ತವರೂರು ಮಟಕಿ ಕಾಣ್ತದಂತ ನಾನೇ ಹೇಳಿದ್ದೆ.

ಗೇಟಿನಾಂವ ಕಾರ್ಡ್ ನೋಡಿ, "ಎಪ್ಪತ್ತು ದಾಟಿದವರನ್ನ ಏರಸೂದಿಲ್ರಿ, ಮುತ್ಯಾ," ಅಂದ.

"ಖರೇ ನನಗ ಅರವತ್ತೆಂಟೋ ತಮ್ಮಾ. ಅದು ಸುಳ್ಳು ಬರಸೇನಿ."

"ಎಲ್ಲಾರೂ ಹಂಗೇ ಅಂತಾರ. ಅಮ್ಮ ಒಬ್ಬಾಕಿ ಏರ್ಲಿ."

ಆಕಿ ನನ್ನ ತೋಳು ಬಿಡಲಿಲ್ಲ. "ಮಟಕಿ ಯಾವ ಕಡಿ ಅಂತ ನನಗ ಯಾರು ತೋರಸ್ತಾರ?"

ಹೊರಗ ಕಟ್ಟಿ ಮ್ಯಾಲೆ ಕುಂತ್ವಿ. "ಮ್ಯಾಲಿಂದ ಏನೇನು ಕಾಣ್ತದ, ನೀವೇ ಹೇಳ್ರಿ," ಅಂದ್ಲು. ಜನ್ಮಪೂರ್ತಿ ಕತಿ ಹೊಡದಾಂವ ನಾನು ಕಟ್ಟಿ ಮ್ಯಾಲೆ ಎದ್ದು ನಿಂತು ದೂರ ಕಣ್ಣು ಹಾಯಿಸಿದೆ.

ರಜಾಕಾರರನ್ನ ಕಂಡವಗ ಮಟಕಿ ಕಾಣಲಿಲ್ಲ ನೋಡ್ರಿ.